ಮೂಗಿನ ಚೂರಿನಿಂದ ಕಾಂಡಕೋಶ: ಬಯಾಪ್ಸಿಯಿಂದ ಶೈತ್ಯಸಂಗ್ರಹದವರೆಗೆ

ಪಿತ್ತಜನಕಾಂಗದ ಕಾಯಿಲೆಯನ್ನು ಅರಿಯಲು ಅದರ ಚೂರೊಂದನ್ನು ಸೂಜಿಯಿಂದ ತೆಗೆದು ನೋಡಬಹುದು. ಚರ್ಮದ ಕಾಯಿಲೆಯಾದರೆ ಇನ್ನೂ ಸುಲಭ. ಮಿದುಳಿಗೆ ಮಾತ್ರ ಈ ದಾರಿಯಿಲ್ಲ. ಬದುಕಿರುವವರ ಮಿದುಳಿನ ತುಣುಕನ್ನು ಬರೀ ಸಂಶೋಧನೆಗಾಗಿ ಯಾರೂ ಕೇಳುವಂತಿಲ್ಲ. ತೀರಿಕೊಂಡವರ ಮಿದುಳು ದೊರೆತರೂ ಅದರಲ್ಲಿ ಕಾಣುವುದು ಕಾಯಿಲೆಯ ಕೊನೆಯ ಹಂತ. ಅದು ಹೇಗೆ ಶುರುವಾಯಿತು ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಆದರೆ ನರಮಂಡಲದ ಒಂದು ತುದಿ ಹೊರಗಿನ ಗಾಳಿಗೆ ತೆರೆದುಕೊಂಡಿದೆ. ಮೂಗಿನ ಒಳಗೆ, ಮೇಲಕ್ಕೆ, ಮಿದುಳಿಗೆ ತೀರ ಸಮೀಪದಲ್ಲಿ ವಾಸನೆ ಹಿಡಿಯುವ ಘ್ರಾಣ ಲೋಳೆಪೊರೆ ಇದೆ. ಅಲ್ಲಿನ ನರಕೋಶಗಳು ಧೂಳು, ಹೊಗೆ, ವೈರಸ್‌ಗಳ ಹೊಡೆತಕ್ಕೆ ಸಾಯುತ್ತಲೇ ಇರುತ್ತವೆ, ಅವುಗಳ ಜಾಗಕ್ಕೆ ಹೊಸವು ಹುಟ್ಟಿ ಬರುತ್ತಲೇ ಇರುತ್ತವೆ. ಮುಪ್ಪಿನಲ್ಲಿ ಈ ಕೆಲಸ ನಿಧಾನವಾದೀತೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಹೊಸ ನರಕೋಶ ಹುಟ್ಟಬೇಕಾದರೆ ಅದನ್ನು ಹುಟ್ಟಿಸುವ ಕಾಂಡಕೋಶ ಅಲ್ಲೇ ಇರಬೇಕಷ್ಟೆ. ಸಂಶೋಧಕರ ಕಣ್ಣು ಮೂಗಿನ ಮೇಲೆ ಬಿದ್ದದ್ದು ಹೀಗೆ.

ಈ ಲೇಖನ ಇಂಥ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಮತ್ತು ತಮ್ಮ ಅಂಗಾಂಶವನ್ನು ದಾನ ಮಾಡುವಂತೆ ಕೇಳಿಸಿಕೊಂಡು ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬಯಸುವವರಿಗೆ. ಚೂರು ತೆಗೆಯುವ ಕೆಲಸ ತರಬೇತಿ ಪಡೆದ ಕಿವಿ-ಮೂಗು-ಗಂಟಲು ಶಸ್ತ್ರಚಿಕಿತ್ಸಕರದ್ದು. ಬೇರೆ ಯಾರೂ ಕೈ ಹಾಕುವಂತಿಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೂಗಿನ ಚೂರಿನಿಂದ ಕೋಶಗಳನ್ನು ಬೆಳೆಸುವುದು ಅಷ್ಟು ಕಷ್ಟವಲ್ಲ, ಅವು ಬೆಳೆದೇ ಬೆಳೆಯುತ್ತವೆ. ಬೆಳೆದದ್ದು ಏನು ಎಂದು ಧೈರ್ಯವಾಗಿ ಹೇಳುವುದು ಕಷ್ಟ. ಮುಂದಿನ ಪ್ರತಿ ಹಂತವನ್ನೂ ಆ ಪ್ರಶ್ನೆಯನ್ನು ಇಟ್ಟುಕೊಂಡೇ ಓದಿ.

ಯಾವ ಕಾಂಡಕೋಶ ಬೇಕು?

ಘ್ರಾಣ ಲೋಳೆಪೊರೆ ಎರಡು ಪದರಗಳ ವಸ್ತು. ಮೇಲಿನದು ಎಪಿಥೀಲಿಯಂ. ವಾಸನೆ ಗ್ರಹಿಸುವ ನರಕೋಶಗಳು, ಅವಕ್ಕೆ ಒತ್ತಾಸೆಯಾಗಿ ನಿಲ್ಲುವ ಆಧಾರ ಕೋಶಗಳು ಮತ್ತು ತಳದಲ್ಲಿ ಎರಡು ಬಗೆಯ ತಳಕೋಶಗಳು ಅದರಲ್ಲಿವೆ. ದುಂಡನೆಯ ತಳಕೋಶಗಳು ದಿನನಿತ್ಯದ ದುರಸ್ತಿಗೆ ದುಡಿಯುತ್ತವೆ. ಚಪ್ಪಟೆಯಾಗಿ ಮಲಗಿರುವ ಅಡ್ಡ ತಳಕೋಶಗಳು ಸಾಮಾನ್ಯ ದಿನಗಳಲ್ಲಿ ಸುಮ್ಮನಿದ್ದು, ದೊಡ್ಡ ಗಾಯವಾದಾಗ ಎಚ್ಚರಗೊಳ್ಳುತ್ತವೆ.

ಅದರ ಕೆಳಗಿನದು ಲ್ಯಾಮಿನಾ ಪ್ರೊಪ್ರಿಯ. ಮಿದುಳಿನತ್ತ ಸಾಗುವ ನರತಂತುಗಳ ಕಟ್ಟುಗಳು, ಅವನ್ನು ಹೊದ್ದು ಕಾಯುವ ಘ್ರಾಣ ಹೊದಿಕೆ ಕೋಶಗಳು, ಲೋಳೆ ಸ್ರವಿಸುವ ಬೋಮನ್ ಗ್ರಂಥಿಗಳು, ರಕ್ತನಾಳಗಳು, ಅಂಗಾಂಶಕ್ಕೆ ಹಂದರ ಕಟ್ಟುವ ಫೈಬ್ರೊಬ್ಲಾಸ್ಟ್ ಕೋಶಗಳು ಇಲ್ಲಿವೆ. ಇವುಗಳ ನಡುವೆ ಮೀಸೆಂಕೈಮ್ ಬಗೆಯ, ಅಂದರೆ ಎಲುಬು, ಕೊಬ್ಬು, ಮೃದ್ವಸ್ಥಿಯಂಥ ಅಂಗಾಂಶಗಳಾಗಬಲ್ಲ ಕಾಂಡಕೋಶಗಳೂ ಇವೆ. ಎಲುಬಿನ ಮಜ್ಜೆಯ ಕಾಂಡಕೋಶಗಳಿಗೆ ಇವು ನೆಂಟರು, ಆದರೆ ನರಕೋಶದತ್ತ ವಾಲುವ ಗುಣ ಇವಕ್ಕೆ ಹೆಚ್ಚು.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಕಾಯ್-ಸಿಮ್ ಅವರ ತಂಡ ಮತ್ತು ಫ್ರಾನ್ಸ್‌ನ ಮಾರ್ಸೇಲ್‌ನಲ್ಲಿ ಫ್ರಾಂಸ್ವಾ ಫೆರಾನ್ ಅವರ ತಂಡ ಈ ಕ್ಷೇತ್ರಕ್ಕೆ ದಾರಿ ಮಾಡಿದವು. ವಯಸ್ಕರ ಘ್ರಾಣ ಲೋಳೆಪೊರೆಯಲ್ಲಿ ಹಲವು ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಕಾಂಡಕೋಶಗಳಿವೆ ಎಂಬ ವರದಿ ಬಂದದ್ದು 2005ರಲ್ಲಿ. ಲ್ಯಾಮಿನಾ ಪ್ರೊಪ್ರಿಯದ ಕಾಂಡಕೋಶಗಳ ಗುಣಲಕ್ಷಣಗಳು ವಿವರವಾಗಿ ಪ್ರಕಟವಾದದ್ದು 2010ರಲ್ಲಿ.

ಆದ್ದರಿಂದ ಕೆಲಸ ಆರಂಭಿಸುವ ಮುನ್ನ ನಿಮಗೆ ಬೇಕಾದದ್ದು ಎಪಿಥೀಲಿಯಂನ ತಳಕೋಶಗಳೋ, ಲ್ಯಾಮಿನಾ ಪ್ರೊಪ್ರಿಯದ ಕಾಂಡಕೋಶಗಳೋ ಎಂದು ಬರೆದಿಟ್ಟುಕೊಳ್ಳಿ. ತಳಕೋಶಗಳನ್ನು ತಟ್ಟೆಯಲ್ಲಿ ಬಹುಕಾಲ ಬೆಳೆಸುವುದು ಕಠಿಣ. ಲ್ಯಾಮಿನಾ ಪ್ರೊಪ್ರಿಯದವು ಹುರುಪಿನಿಂದ ಬೆಳೆಯುತ್ತವೆ, ಹೆಪ್ಪುಗಟ್ಟಿಸಿದರೂ ಬದುಕುತ್ತವೆ. ಹೆಚ್ಚಿನ ಪ್ರಯೋಗಾಲಯಗಳು ಎರಡನೆಯದನ್ನೇ ಆರಿಸಿಕೊಳ್ಳುತ್ತವೆ. ಇಲ್ಲಿ ವಿವರಿಸುವುದೂ ಅದನ್ನೇ.

ಸಮ್ಮತಿ, ಮತ್ತು ದಾನಿ ಕೇಳಿಯೇ ಕೇಳುವ ಪ್ರಶ್ನೆ

ನೈತಿಕ ಸಮಿತಿಯ ಅನುಮೋದನೆ ಕೈಯಲ್ಲಿಲ್ಲದೆ ಒಬ್ಬ ದಾನಿಯನ್ನೂ ಮಾತನಾಡಿಸಬೇಡಿ. ಮನುಷ್ಯರ ಮೇಲಿನ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಹಾಕಿಕೊಟ್ಟ ಚೌಕಟ್ಟು, ಅದರ ನಂತರದ ಪರಿಷ್ಕರಣೆಗಳು ಎಲ್ಲೆಡೆಯ ಸಮಿತಿಗಳಿಗೂ ಪರಿಚಿತ. ಸಮ್ಮತಿ ಪತ್ರದಲ್ಲಿ ಕೋಶಗಳನ್ನು ಎಷ್ಟು ಕಾಲ ಇಡುತ್ತೀರಿ, ಬೇರೆ ಪ್ರಯೋಗಾಲಯಕ್ಕೆ ಕೊಡುತ್ತೀರೋ, ಜೀನೋಮ್ ಓದುತ್ತೀರೋ, ಅದರಲ್ಲಿ ದಾನಿಗೆ ಸಂಬಂಧಿಸಿದ ಗಂಭೀರ ವಿಷಯ ಕಂಡರೆ ತಿಳಿಸುತ್ತೀರೋ, ದಾನಿ ಮನಸ್ಸು ಬದಲಿಸಿದರೆ ಏನು ಮಾಡುತ್ತೀರಿ ಎಂಬುದೆಲ್ಲ ಸ್ಪಷ್ಟವಾಗಿರಲಿ. ಆಲ್‌ಝೈಮರ್ ಅಥವಾ ಸ್ಕಿಝೋಫ್ರೇನಿಯ ಇರುವವರ ವಿಷಯದಲ್ಲಿ ಸಮ್ಮತಿ ಕೊಡುವ ಸಾಮರ್ಥ್ಯ ಆ ಹೊತ್ತಿಗೆ ಅವರಿಗಿದೆಯೇ ಎಂದು ಸ್ವತಂತ್ರವಾಗಿ ಪರಿಶೀಲಿಸಬೇಕು. ಕಾಯಿಲೆಯ ಹೆಸರನ್ನಷ್ಟೇ ನೋಡಿ ಸಾಮರ್ಥ್ಯವಿಲ್ಲ ಎಂದು ತೀರ್ಮಾನಿಸುವುದೂ ತಪ್ಪು.

ಹಾಳೆಯಲ್ಲಿ ಏನೇ ಬರೆದಿರಲಿ, ದಾನಿ ಕೇಳುವ ಪ್ರಶ್ನೆ ಒಂದೇ: ಇದರಿಂದ ನನಗೆ ವಾಸಿಯಾಗುತ್ತದೆಯೇ? ಉತ್ತರವನ್ನು ಸುತ್ತಿ ಬಳಸದೆ ಹೇಳಿ. ಇಲ್ಲ, ಇದು ಸಂಶೋಧನೆಗೆ, ಚಿಕಿತ್ಸೆಗಲ್ಲ. ಮೂಗಿನ ಕೋಶಗಳನ್ನು ಚಿಕಿತ್ಸೆಯಾಗಿ ಪ್ರಯತ್ನಿಸಿದ ಉದಾಹರಣೆಗಳು ಇವೆ, ನಿಜ. ಬ್ರಿಸ್ಬೇನ್‌ನಲ್ಲಿ 2002ರಲ್ಲಿ ಆರಂಭವಾದ ಮೊದಲ ಹಂತದ ಪರೀಕ್ಷೆಯಲ್ಲಿ, ಬೆನ್ನುಹುರಿಗೆ ಪೆಟ್ಟಾದವರಿಗೆ ಅವರದೇ ಮೂಗಿನಿಂದ ಬೆಳೆಸಿದ ಘ್ರಾಣ ಹೊದಿಕೆ ಕೋಶಗಳನ್ನು ಸೇರಿಸಲಾಯಿತು. ಕೋಶ ಪಡೆದವರು 3 ಮಂದಿ. ಅದು ಸುರಕ್ಷತೆಯ ಪರೀಕ್ಷೆ. 3 ವರ್ಷ ಗಮನಿಸಿದಾಗ ಗಂಭೀರ ತೊಂದರೆ ಕಾಣಲಿಲ್ಲ, ಹೇಳಿಕೊಳ್ಳುವಂಥ ಸುಧಾರಣೆಯೂ ಕಾಣಲಿಲ್ಲ. ಇದಕ್ಕೆ ವ್ಯತಿರಿಕ್ತವಾದ ಪ್ರಕರಣವೊಂದು 2014ರಲ್ಲಿ ಪ್ರಕಟವಾಯಿತು. ಕೋಶಗಳನ್ನು ಶುದ್ಧೀಕರಿಸದೆ, ಘ್ರಾಣ ಲೋಳೆಪೊರೆಯನ್ನೇ ಬೆನ್ನುಹುರಿಗೆ ಕಸಿ ಮಾಡಿಸಿಕೊಂಡ ರೋಗಿಯೊಬ್ಬರಲ್ಲಿ 8 ವರ್ಷಗಳ ಬಳಿಕ ಅದೇ ಜಾಗದಲ್ಲಿ ಗಡ್ಡೆಯೊಂದು ಬೆಳೆದು, ಅದರೊಳಗೆ ಲೋಳೆಯಂಥ ದ್ರವ ತುಂಬಿಕೊಂಡಿತ್ತು. ಮೂಗಿನ ಅಂಗಾಂಶ ಬೆನ್ನುಹುರಿಯಲ್ಲೂ ಮೂಗಿನ ಅಂಗಾಂಶವಾಗಿಯೇ ಬೆಳೆದಿತ್ತು. ಏನನ್ನು ಕಸಿ ಮಾಡುತ್ತಿದ್ದೇವೆ ಎಂದು ಅರಿಯದೆ ಹೋದರೆ ಆಗುವುದು ಹೀಗೆ. ಹಣ ಕೊಟ್ಟರೆ ಮೂಗಿನ ಕಾಂಡಕೋಶದಿಂದ ಗುಣಪಡಿಸುತ್ತೇವೆ ಎನ್ನುವ ಕ್ಲಿನಿಕ್ಕುಗಳಿಗೂ ಪ್ರಯೋಗಾಲಯಕ್ಕೂ ಸಂಬಂಧವಿಲ್ಲ ಎಂಬುದನ್ನು ದಾನಿಗೆ ಬಿಡಿಸಿ ಹೇಳಲೇಬೇಕು.

ದಾನಿಯ ವಯಸ್ಸು, ಲಿಂಗ, ಸೇವಿಸುವ ಔಷಧಗಳು, ಧೂಮಪಾನ, ಇತ್ತೀಚಿನ ನೆಗಡಿ, ಅಲರ್ಜಿ, ವಾಸನೆ ಗ್ರಹಿಸುವ ಶಕ್ತಿ ಇವಿಷ್ಟೂ ದಾಖಲೆಯಲ್ಲಿರಲಿ. ಧೂಮಪಾನ ಘ್ರಾಣ ಲೋಳೆಪೊರೆಯನ್ನು ಬದಲಿಸುತ್ತದೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ನಡುಕ ಶುರುವಾಗುವ ಎಷ್ಟೋ ವರ್ಷ ಮೊದಲೇ ವಾಸನೆ ಕುಗ್ಗಿರಬಹುದು. ಹೋಲಿಕೆಗೆ ಬೇಕಾದ ಆರೋಗ್ಯವಂತ ದಾನಿಗಳನ್ನು ಹುಡುಕುವುದು ರೋಗಿಗಳನ್ನು ಹುಡುಕುವುದಕ್ಕಿಂತ ಕಷ್ಟ. ಸೈನಸ್ ಶಸ್ತ್ರಚಿಕಿತ್ಸೆಗೆ ಬಂದವರಿಂದ ಚೂರು ಪಡೆಯುವುದು ಸುಲಭದ ದಾರಿ, ಆದರೆ ವರ್ಷಗಟ್ಟಲೆ ಊದಿಕೊಂಡ ಮೂಗನ್ನು ಆರೋಗ್ಯವಂತ ಮೂಗು ಎಂದು ಲೆಕ್ಕಕ್ಕೆ ಹಿಡಿದರೆ ಇಡೀ ಹೋಲಿಕೆಯೇ ಹಳಿ ತಪ್ಪುತ್ತದೆ.

ಬಯಾಪ್ಸಿ

ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ರಕ್ತಸ್ರಾವದ ಕಾಯಿಲೆ ಇರುವವರು, ಮೂಗಿನಲ್ಲಿ ಸೋಂಕು ಅಥವಾ ಪಾಲಿಪ್ ಇರುವವರು ಈ ದಾನಕ್ಕೆ ಸೂಕ್ತರಲ್ಲ. ಸಂಶೋಧನೆಯ ಚೂರಿಗಾಗಿ ಯಾರ ಔಷಧವನ್ನೂ ನಿಲ್ಲಿಸಬೇಡಿ.

ಬೇರೆ ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆಯಲ್ಲಿರುವವರಿಂದ ಚೂರು ಪಡೆಯಬಹುದು, ಅದಕ್ಕೂ ಮುಂಚಿತವಾಗಿ ಸಮ್ಮತಿ ಬೇಕು. ಎಚ್ಚರವಿರುವ ದಾನಿಗಾದರೆ ಸ್ಥಳೀಯ ಅರಿವಳಿಕೆ ಸಾಕು. ಮರಗಟ್ಟಿಸುವ ಮತ್ತು ರಕ್ತನಾಳ ಕುಗ್ಗಿಸುವ ಔಷಧದಲ್ಲಿ ಅದ್ದಿದ ಹತ್ತಿಯ ಪಟ್ಟಿಗಳನ್ನು ಮೂಗಿನೊಳಗೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎಂಡೋಸ್ಕೋಪ್ ಒಳಗೆ ಬಿಡುತ್ತಾರೆ. ದಾನಿಗೆ ಒತ್ತಿದಂತೆ, ಎಳೆದಂತೆ ಅನ್ನಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಚೂಪಾದ ನೋವಾದರೆ ಶಸ್ತ್ರಚಿಕಿತ್ಸಕರು ಅಲ್ಲಿಗೇ ನಿಲ್ಲಿಸಬೇಕು.

ಎಲ್ಲಿಂದ ತೆಗೆಯಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಘ್ರಾಣ ಪ್ರದೇಶ ಮೂಗಿನ ಚಾವಣಿಯಲ್ಲಿ ದಟ್ಟವಾಗಿದೆ. ಆದರೆ ಆ ಚಾವಣಿಯೇ ಕ್ರಿಬ್ರಿಫಾರ್ಮ್ ಫಲಕ, ಅಂದರೆ ಮೂಗಿಗೂ ಮಿದುಳಿಗೂ ನಡುವೆ ಇರುವ, ತೂತುಗಳಿಂದ ಕೂಡಿದ ತೆಳ್ಳನೆಯ ಎಲುಬು. ಅಲ್ಲಿ ಕೈ ತಪ್ಪಿದರೆ ಮಿದುಳಿನ ಸುತ್ತಲಿನ ದ್ರವ ಸೋರಬಹುದು, ಸೋಂಕು ಒಳಗೆ ಏರಬಹುದು. ಹಾಗಾಗಿ ಚಾವಣಿಯನ್ನು ಮುಟ್ಟದೆ, ಮೂಗಿನ ಪಕ್ಕಗೋಡೆಯಿಂದ ಸುರುಳಿಯಾಗಿ ಚಾಚಿದ ಎಲುಬಾದ ನಡುವಿನ ಟರ್ಬಿನೇಟ್‌ನ ಬುಡದ ಒಳಮುಖದಿಂದಲೋ, ಮೂಗಿನ ನಡುಗೋಡೆಯ ಮೇಲ್ಭಾಗದಿಂದಲೋ ಚೂರು ತೆಗೆಯುತ್ತಾರೆ. ಕಿವಿಯ ಶಸ್ತ್ರಚಿಕಿತ್ಸೆಗೆ ಬಳಸುವ ಸಣ್ಣ ಬಟ್ಟಲು ಬಾಯಿಯ ಫೋರ್ಸೆಪ್ಸ್ ಇದಕ್ಕೆ ಹೇಳಿಮಾಡಿಸಿದ್ದು. ಚೂರಿನ ಅಳತೆ ಸುಮಾರು 2 ಚದರ ಮಿಲಿಮೀಟರ್ ಅಷ್ಟೆ. ಒಂದೇ ಬದಿಯಿಂದ ಇಷ್ಟು ಸಣ್ಣ ಚೂರು ತೆಗೆದವರ ವಾಸನಾಶಕ್ತಿ ಕುಗ್ಗಿದ್ದು ಆ ಕುರಿತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಚೂರು ತೆಗೆದ ಮೇಲೆ ಕೆಲಕಾಲ ಕೂರಿಸಿ ರಕ್ತ ನಿಂತಿದೆಯೇ ಎಂದು ನೋಡಿ ಕಳುಹಿಸುತ್ತಾರೆ. ಕೆಲವು ದಿನ ಜೋರಾಗಿ ಸೀಂಟಬಾರದು, ಭಾರ ಎತ್ತಬಾರದು.

ತೊಡಕಿನ ವಿಷಯವೆಂದರೆ ಘ್ರಾಣ ಪ್ರದೇಶಕ್ಕೆ ಸ್ಪಷ್ಟವಾದ ಗಡಿರೇಖೆ ಇಲ್ಲ. ವಯಸ್ಸಾದಂತೆ ಅಲ್ಲಲ್ಲಿ ಉಸಿರಾಟದ ಎಪಿಥೀಲಿಯಂ ನುಸುಳಿ, ಘ್ರಾಣ ಎಪಿಥೀಲಿಯಂ ತೇಪೆ ತೇಪೆಯಾಗಿ ಉಳಿಯುತ್ತದೆ. ಎಂಡೋಸ್ಕೋಪ್‌ನ ಬೆಳಕಿನಲ್ಲಿ ಎರಡರ ವ್ಯತ್ಯಾಸವನ್ನು ಖಚಿತವಾಗಿ ಹೇಳಲಾಗದು. ಇದಕ್ಕೆ ಪರಿಹಾರ ಸರಳ, ಆದರೂ ಅವಸರದಲ್ಲಿ ಬಿಟ್ಟುಬಿಡುವವರು ಬಹಳ: ಪಕ್ಕದ ಇನ್ನೊಂದು ಚೂರನ್ನೋ, ಅದೇ ಚೂರಿನ ಒಂದಂಚನ್ನೋ ಫಾರ್ಮಲಿನ್ ಮಾದರಿಯ ಸ್ಥಿರೀಕಾರಕದಲ್ಲಿ ಹಾಕಿ ಸೂಕ್ಷ್ಮದರ್ಶಕಕ್ಕೆ ತೆಗೆದಿಡುವುದು. ಲೋಟದಾಕಾರದ ಲೋಳೆ ಕೋಶಗಳು ತುಂಬಿದ್ದರೆ ಅದು ಉಸಿರಾಟದ ಭಾಗ. ನರತಂತುಗಳ ಕಟ್ಟು, ಬೋಮನ್ ಗ್ರಂಥಿ ಕಂಡರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಬಲಿತ ಘ್ರಾಣ ನರಕೋಶಗಳಲ್ಲಿರುವ ಓಎಂಪಿ ಪ್ರೋಟೀನಿಗೆ ಬಣ್ಣ ಹತ್ತಿದರೆ ಇನ್ನೂ ಗಟ್ಟಿ.

ಕತ್ತರಿಸದೆ ಕೆಲಸ ಮಾಡುವ ದಾರಿಯೂ ಇದೆ. ಸಣ್ಣ ಬ್ರಷ್ಷಿನಿಂದ ಮೂಗಿನ ಒಳಗೋಡೆಯನ್ನು ಸವರಿ ಉದುರಿದ ಕೋಶಗಳನ್ನು ಬೆಳೆಸುತ್ತಾರೆ. ದಾನಿಗೆ ಹಿತ, ಮತ್ತೆ ಮತ್ತೆ ಮಾಡಬಹುದು. ಆದರೆ ಬ್ರಷ್ಷಿಗೆ ಸಿಗುವುದು ಮೇಲಿನ ಪದರ. ಲ್ಯಾಮಿನಾ ಪ್ರೊಪ್ರಿಯದ ಕಾಂಡಕೋಶ ಬೇಕಾದವರಿಗೆ ಅದು ಒದಗುವುದಿಲ್ಲ.

ಚೂರು ಪ್ರಯೋಗಾಲಯ ಸೇರುವವರೆಗೆ

ಚೂರನ್ನು ಬರೀ ಉಪ್ಪುನೀರಿನಲ್ಲಿ ಹಾಕಬೇಡಿ. ಡಿಎಂಇಎಂ ಮತ್ತು ಹ್ಯಾಮ್ಸ್ ಎಫ್12 ಬೆರೆಸಿದ ಪೋಷಕ ದ್ರವಕ್ಕೆ ಆ್ಯಂಟಿಬಯೋಟಿಕ್ ಸೇರಿಸಿ, ಶುದ್ಧ ಕೊಳವೆಯಲ್ಲಿ ಮೊದಲೇ ತುಂಬಿ ಶಸ್ತ್ರಚಿಕಿತ್ಸಾ ಕೊಠಡಿಗೆ ಕಳುಹಿಸಿರಿ. ಐಸ್ ಮೇಲಿಟ್ಟು ತನ್ನಿ, ಹೆಪ್ಪುಗಟ್ಟಲು ಬಿಡಬೇಡಿ. ಅದೇ ದಿನ ಕೆಲಸಕ್ಕೆ ತೆಗೆದುಕೊಳ್ಳಿ. ಕೊಳವೆಯ ಮೇಲೆ ದಾನಿಯ ಹೆಸರು ಇರಬಾರದು, ಸಂಕೇತ ಸಂಖ್ಯೆ ಮತ್ತು ತೆಗೆದ ಹೊತ್ತು ಮಾತ್ರ ಇರಲಿ.

ಮೂಗು ಶುದ್ಧವಾದ ಜಾಗವಲ್ಲ. ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯ ಎಷ್ಟೋ ಆರೋಗ್ಯವಂತರ ಮೂಗಿನಲ್ಲೂ ಮನೆ ಮಾಡಿಕೊಂಡಿರುತ್ತದೆ, ಶಿಲೀಂಧ್ರದ ಬೀಜಾಣುಗಳೂ ಬಂದಿಳಿಯುತ್ತವೆ. ಆ್ಯಂಟಿಬಯೋಟಿಕ್ ಬೆರೆಸಿದ ಬಫರ್ ದ್ರಾವಣದಲ್ಲಿ ಚೂರನ್ನು ಹಲವು ಬಾರಿ ತೊಳೆಯಿರಿ. ಲೋಳೆ ಮತ್ತು ರಕ್ತದ ಕರೆ ಪೂರ್ತಿ ಹೋಗಬೇಕು. ಹೊಸ ದಾನಿಯ ಕೋಶಗಳನ್ನು ಹಳೆಯವುಗಳ ಜೊತೆ ಒಂದೇ ಇನ್‌ಕ್ಯುಬೇಟರ್‌ನಲ್ಲಿ ಇಡಬೇಡಿ. ಪ್ರತ್ಯೇಕ ಇನ್‌ಕ್ಯುಬೇಟರ್‌ಗೆ ದುಡ್ಡಿಲ್ಲ ಎನ್ನುವ ತಂಡಗಳು, ಒಂದೇ ಒಂದು ಕಲುಷಿತ ತಟ್ಟೆಯಿಂದ ವರ್ಷದ ಕೆಲಸ ಚರಂಡಿ ಸೇರಿದರೆ ಆಗುವ ಖರ್ಚನ್ನೂ ಲೆಕ್ಕ ಹಾಕುವುದು ಒಳ್ಳೆಯದು. ಮನುಷ್ಯರ ಅಂಗಾಂಶದಲ್ಲಿ ರಕ್ತದಿಂದ ಹರಡುವ ವೈರಸ್ ಇರಬಹುದೆಂದು ಭಾವಿಸಿಯೇ ಕೆಲಸ ಮಾಡಿ: ಕೈಗವಸು, ಜೈವಿಕ ಸುರಕ್ಷತಾ ಕ್ಯಾಬಿನೆಟ್, ತ್ಯಾಜ್ಯಕ್ಕೆ ಆಟೋಕ್ಲೇವ್.

ಎರಡು ಪದರಗಳನ್ನು ಬಿಡಿಸುವುದು

ಇಡೀ ಕ್ರಮದಲ್ಲಿ ಕೈಚಳಕ ಬೇಡುವ ಹಂತ ಇದು. ತೊಳೆದ ಚೂರನ್ನು 1 ಮಿಲಿಲೀಟರ್ ಡಿಸ್ಪೇಸ್-2 ಕಿಣ್ವದ ದ್ರಾವಣದಲ್ಲಿ, ಮಿಲಿಲೀಟರಿಗೆ 2.4 ಯೂನಿಟ್ ಪ್ರಮಾಣದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 1 ಗಂಟೆ ಇಡಬೇಕು. ಎರಡು ಪದರಗಳ ನಡುವೆ ಇರುವ ಆಧಾರ ಪೊರೆಯಲ್ಲಿನ 4ನೇ ಬಗೆಯ ಕೊಲಾಜೆನ್ ಮತ್ತು ಫೈಬ್ರೊನೆಕ್ಟಿನ್ ಅನ್ನು ಡಿಸ್ಪೇಸ್ ತುಂಡರಿಸುತ್ತದೆ. ಕೋಶಗಳು ಬಹುತೇಕ ಹಾಗೇ ಉಳಿದು, ಅಂಟು ಮಾತ್ರ ಬಿಟ್ಟುಕೊಳ್ಳುತ್ತದೆ.

ಆಮೇಲೆ ಚೂರನ್ನು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಎಪಿಥೀಲಿಯಂ ಬೂದು ಛಾಯೆಯ ಅರೆಪಾರದರ್ಶಕ ಹಾಳೆಯಾಗಿ ಕಾಣುತ್ತದೆ. ಲ್ಯಾಮಿನಾ ಪ್ರೊಪ್ರಿಯ ಕಂದು ಬಣ್ಣಕ್ಕೆ ತಿರುಗಿ, ಗೆರೆ ಗೆರೆಯಾಗಿರುತ್ತದೆ. ಸಣ್ಣ ಸ್ಪ್ಯಾಚುಲಾದ ಅಂಚನ್ನು ಎರಡರ ನಡುವೆ ತೂರಿಸಿ ನಿಧಾನವಾಗಿ ತಳ್ಳಿದರೆ, ನೆನೆದ ಗೋಡೆಯಿಂದ ಸುಣ್ಣದ ಪದರ ಎದ್ದುಬರುವಂತೆ ಮೇಲಿನ ಹಾಳೆ ಎದ್ದುಬರುತ್ತದೆ. ಏಳದಿದ್ದರೆ ಬಲ ಹಾಕಬೇಡಿ, ಕಿಣ್ವದಲ್ಲಿ ಇನ್ನೂ ಐದು-ಹತ್ತು ನಿಮಿಷ ಇಡಿ. ಹಾಗೆಂದು ಗಂಟೆಗಟ್ಟಲೆ ಮರೆತು ಬಿಟ್ಟರೆ ಎರಡೂ ಪದರ ಕರಗಿ, ಯಾವುದು ಯಾವುದೆಂದು ತಿಳಿಯದ ಗಂಜಿಯಾಗುತ್ತದೆ. ಎಪಿಥೀಲಿಯಂನ ತುಣುಕು ಉಳಿದುಬಿಟ್ಟರೆ ನಿಮ್ಮ ತಟ್ಟೆಯಲ್ಲಿ ಎರಡು ಕುಲದ ಕೋಶಗಳು ಒಟ್ಟಿಗೆ ಬೆಳೆಯತೊಡಗುತ್ತವೆ. ಆಗ ಬರುವ ಯಾವ ಫಲಿತಾಂಶಕ್ಕೂ ಒಡೆಯರಿರುವುದಿಲ್ಲ.

ಬಿಡಿಸಿದ ಲ್ಯಾಮಿನಾ ಪ್ರೊಪ್ರಿಯವನ್ನು ಎರಡು ಸಪೂರ ಸೂಜಿಗಳಿಂದ ಸಣ್ಣಗೆ ಕತ್ತರಿಸಿ. ಮುಂದೆ ಎರಡು ದಾರಿಗಳಿವೆ. ಕಿಣ್ವದ ದಾರಿಯಲ್ಲಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಕೊಲಾಜಿನೇಸ್ ಇರುವ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಇಟ್ಟು, ಪಿಪೆಟ್‌ನಿಂದ ಎಳೆದು ಬಿಟ್ಟು ಬಿಡಿಬಿಡಿ ಮಾಡುತ್ತಾರೆ. ಕೊಲಾಜಿನೇಸ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು. ಆದ್ದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಬಫರ್ ಅನ್ನು 9 ಮಿಲಿಲೀಟರ್ ಸುರಿದರೆ ಅದರ ಆರ್ಭಟ ಅಡಗುತ್ತದೆ. 200 ಜಿ (ಗುರುತ್ವದ 200 ಪಟ್ಟು) ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತ ಕೋಶಗಳನ್ನು ಹೊಸ ದ್ರವಕ್ಕೆ ಎತ್ತಿಕೊಳ್ಳಿ. ಎರಡನೆಯ ದಾರಿಯಲ್ಲಿ ಕೊಲಾಜಿನೇಸ್ ಇಲ್ಲ: ತುಣುಕುಗಳನ್ನು ತಟ್ಟೆಯ ತಳಕ್ಕೆ ಗಾಜಿನ ಕವರ್‌ಸ್ಲಿಪ್‌ನಿಂದ ಅದುಮಿ ಇಡುವುದು, ಕೋಶಗಳು ತಾವಾಗಿ ಹೊರಗೆ ತೆವಳಿ ಬರುವವರೆಗೆ ಕಾಯುವುದು. ಹೊಸಬರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಚೂರು ತೀರ ಚಿಕ್ಕದಿದ್ದಾಗ ಸೆಂಟ್ರಿಫ್ಯೂಜ್‌ನಲ್ಲಿ ಕಳೆದುಕೊಳ್ಳುವ ಭಯವಿಲ್ಲ, ಕೋಶ ಯಾವ ತುಣುಕಿನಿಂದ ಹೊರಟಿತು ಎಂಬುದೂ ಕಣ್ಣಿಗೆ ಕಾಣುತ್ತದೆ.

ಮೊದಲ ವಾರಗಳು

ಪೋಷಕ ದ್ರವಕ್ಕೆ ಶೇ 10ರಷ್ಟು ಭ್ರೂಣಕರುವಿನ ಸೀರಂ ಸೇರಿಸಿ, 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಿ. ಮೊದಲ ಕೆಲವು ದಿನ ತಟ್ಟೆಯನ್ನು ಅಲುಗಾಡಿಸಲೇಬೇಡಿ. ಏನಾಗಿದೆಯೋ ನೋಡೋಣ ಎಂದು ಗಂಟೆಗೊಮ್ಮೆ ತೆಗೆಯುವ ಕೈಗಳೇ ಈ ಕೆಲಸದ ದೊಡ್ಡ ಶತ್ರು. ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ತುಣುಕಿನ ಅಂಚಿನಿಂದ ಉದ್ದನೆಯ, ಕದಿರಿನಾಕಾರದ ಕೋಶಗಳು ಹೊರಗೆ ಚಾಚಿಕೊಳ್ಳುತ್ತವೆ. ಎರಡು-ಮೂರು ದಿನಕ್ಕೊಮ್ಮೆ ದ್ರವ ಬದಲಿಸಿ. ತಟ್ಟೆ ಮುಕ್ಕಾಲು ಭಾಗ ತುಂಬಿದಾಗ ಟ್ರಿಪ್ಸಿನ್ ಕಿಣ್ವದಿಂದ ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಿ. ಹೀಗೆ ಹಂಚಿದ ಪ್ರತಿ ಸಲವೂ ಒಂದು ತಲೆಮಾರು.

ದ್ರವ ಒಂದೇ ರಾತ್ರಿಯಲ್ಲಿ ಹಳದಿಗೆ ತಿರುಗಿ ಮಸುಕಾದರೆ ಬ್ಯಾಕ್ಟೀರಿಯ ಸೇರಿದೆ, ಉಳಿಸಿಕೊಳ್ಳುವ ಹಟ ಬೇಡ. ಮೈಕೊಪ್ಲಾಸ್ಮ ಎಂಬ ಅತಿ ಸಣ್ಣ ಬ್ಯಾಕ್ಟೀರಿಯ ಸೇರಿದರೆ ದ್ರವ ತಿಳಿಯಾಗಿಯೇ ಇರುತ್ತದೆ, ಕೋಶಗಳೂ ಬದುಕಿರುತ್ತವೆ, ವರ್ತನೆ ಮಾತ್ರ ಬದಲಾಗಿರುತ್ತದೆ. ಅದಕ್ಕೆ ಕೋಶಭಿತ್ತಿಯೇ ಇಲ್ಲದ್ದರಿಂದ ಪೆನ್ಸಿಲಿನ್ ಅದನ್ನು ಮುಟ್ಟುವುದಿಲ್ಲ. ಅದರ ಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸುತ್ತಿರಬೇಕು.

ಗೋಳಗಳು

ನರಕೋಶದತ್ತ ವಾಲುವ ಕೋಶಗಳನ್ನು ಆರಿಸಲು ಸೀರಂ ನಿಲ್ಲಿಸಿ, ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ ಮಿಶ್ರಣಕ್ಕೆ ಇಜಿಎಫ್ ಮತ್ತು ಎಫ್‌ಜಿಎಫ್-2 ಎಂಬ ಬೆಳವಣಿಗೆ ಅಂಶಗಳನ್ನು ಮಿಲಿಲೀಟರಿಗೆ 25ರಿಂದ 50 ನ್ಯಾನೊಗ್ರಾಂ ಪ್ರಮಾಣದಲ್ಲಿ ಸೇರಿಸುತ್ತಾರೆ. ಪಾಲಿ-ಎಲ್-ಲೈಸಿನ್ ಸವರಿದ ತಟ್ಟೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 15,000 ಕೋಶಗಳನ್ನು ಬಿತ್ತಿದರೆ, ವಾರದೊಳಗೆ ಅವು ಗುಂಪುಗೂಡಿ, ದುಂಡಾಗಿ, ತಳ ಬಿಟ್ಟು ತೇಲತೊಡಗುತ್ತವೆ. ಇವೇ ನ್ಯೂರೋಸ್ಫಿಯರ್‌ಗಳು. ತೇಲುವವನ್ನು ಹೀರಿಕೊಂಡು, ಬಿಡಿಸಿ, ಮತ್ತೆ ಸೀರಂ ದ್ರವದಲ್ಲಿ ಬೆಳೆಸಬಹುದು.

ಗೋಳ ಕಂಡ ಕೂಡಲೇ ಕಾಂಡಕೋಶ ಸಿಕ್ಕಿತು ಎಂದು ಬರೆಯುವ ಚಪಲ ಎಲ್ಲರಿಗೂ ಇರುತ್ತದೆ. ಇಷ್ಟು ದಟ್ಟವಾಗಿ ಬಿತ್ತಿದಾಗ ಬೇರೆ ಬೇರೆ ಕೋಶಗಳು ಸುಮ್ಮನೆ ಅಂಟಿಕೊಂಡೂ ಗೋಳವಾಗಬಲ್ಲವು. ಒಂದೇ ಕೋಶದಿಂದ ಇಡೀ ಗೋಳ ಹುಟ್ಟಿತು, ಅದರಿಂದ ಮತ್ತೊಂದು ತಲೆಮಾರಿನ ಗೋಳಗಳೂ ಹುಟ್ಟಿದವು, ಅವು ಬೇರೆ ಬೇರೆ ಬಗೆಯ ಕೋಶಗಳಾದವು ಎಂದು ತೋರಿಸಿದರೆ ಮಾತ್ರ ಕಾಂಡಕೋಶವೆಂಬ ಹೆಸರು ದಕ್ಕುತ್ತದೆ. ಅದಕ್ಕೆ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೇ ಕೋಶದಂತೆ ಬಿತ್ತುವ ಬೇಸರದ ಪರೀಕ್ಷೆ ಬೇಕು. ಬೇಸರವಾದರೂ ಮಾಡಿ.

ಗುರುತು ಪತ್ತೆ

ಮೀಸೆಂಕೈಮ್ ಕಾಂಡಕೋಶಗಳಿಗೆ 2006ರಲ್ಲಿ ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ ಕನಿಷ್ಠ ಮಾನದಂಡ ಕೊಟ್ಟಿತು. ಪ್ಲಾಸ್ಟಿಕ್‌ಗೆ ಅಂಟಬೇಕು, ಶೇ 95ಕ್ಕಿಂತ ಕಡಿಮೆಯಿಲ್ಲದಂತೆ ಕೋಶಗಳ ಮೇಲೆ ಸಿಡಿ105, ಸಿಡಿ73, ಸಿಡಿ90 ಎಂಬ ಗುರುತು ಪ್ರೋಟೀನ್‌ಗಳು ಇರಬೇಕು, ರಕ್ತಕೋಶದ ಗುರುತುಗಳಾದ ಸಿಡಿ45, ಸಿಡಿ34 ಮುಂತಾದವು ಶೇ 2ನ್ನು ಮೀರಬಾರದು, ಎಲುಬು, ಕೊಬ್ಬು, ಮೃದ್ವಸ್ಥಿಯ ಕೋಶಗಳಾಗಿ ಮಾರ್ಪಡಬೇಕು. ಮೂಗಿನವು ಇದರ ಜೊತೆಗೆ ನರ ಕಾಂಡಕೋಶಗಳಲ್ಲಿ ಕಾಣುವ ನೆಸ್ಟಿನ್ ಪ್ರೋಟೀನನ್ನೂ ತೋರಿಸುತ್ತವೆ.

ಆದರೆ ಮೇಲ್ಮೈಯ ಈ ಮೂರು ಗುರುತುಗಳು ಸಾಮಾನ್ಯ ಫೈಬ್ರೊಬ್ಲಾಸ್ಟ್‌ನಲ್ಲೂ ಸಿಗುತ್ತವೆ. ಮೂಗಿನ ಕೆಳಗಿನ ಟರ್ಬಿನೇಟ್‌ನಲ್ಲೂ, ವಾಸನೆಗೆ ಸಂಬಂಧವೇ ಇಲ್ಲದ ಭಾಗದಲ್ಲೂ ಮೀಸೆಂಕೈಮ್ ಕಾಂಡಕೋಶಗಳಿವೆ. ಕೋಶಗಳ ಗುರುತುಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೊಮೆಟ್ರಿಯ ಚಂದದ ಚಿತ್ರ ಒಂದರಿಂದಲೇ ಇವು ಘ್ರಾಣ ಕಾಂಡಕೋಶಗಳೆಂದು ಸಾಧಿಸಲಾಗದು. ಬಯಾಪ್ಸಿಯ ದಿನ ಪಕ್ಕಕ್ಕೆ ತೆಗೆದಿಟ್ಟ ತುಣುಕು ಬೆಲೆಬಾಳುವುದು ಈಗ. ಜಾಗದ ಸಾಕ್ಷಿ ಅದರಲ್ಲಿದೆ, ಕೋಶದ ಸಾಕ್ಷಿ ಇಲ್ಲಿದೆ. ಎರಡನ್ನೂ ಜೋಡಿಸಿ ತೋರಿಸಿ. ಜೊತೆಗೆ ಘ್ರಾಣ ಹೊದಿಕೆ ಕೋಶಗಳು ಎಷ್ಟು ಬೆರೆತಿವೆ ಎಂದು ತಿಳಿಯಲು ಪಿ75 ಮತ್ತು ಎಸ್100 ಗುರುತುಗಳನ್ನು ನೋಡಿ. ಡಿಎನ್ಎ ಬೆರಳಚ್ಚಿನ ಪರೀಕ್ಷೆಯಿಂದ ಕೋಶಗಳು ಆಯಾ ದಾನಿಯದ್ದೇ ಎಂದು ಖಾತ್ರಿಪಡಿಸಿಕೊಳ್ಳಿ. ತಟ್ಟೆಗಳು ಅದಲುಬದಲಾಗುವುದು ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು.

ನರಕೋಶವಾಗಿ ಮಾರ್ಪಡಿಸುವಾಗಲೂ ಇದೇ ಎಚ್ಚರ ಬೇಕು. ರೆಟಿನೊಯಿಕ್ ಆಮ್ಲದಂಥ ಸಂಕೇತಗಳನ್ನು ಕೊಟ್ಟಾಗ ಕೋಶಗಳು ಉದ್ದನೆಯ ಬಾಹು ಚಾಚಿ, ನರಕೋಶದ ಪ್ರೋಟೀನಾದ ಬೀಟಾ-3 ಟ್ಯುಬುಲಿನ್‌ನ ಬಣ್ಣಕ್ಕೆ ಹೊಳೆಯುತ್ತವೆ. ನೋಡಲು ನರಕೋಶವೇ. ವಿದ್ಯುತ್ ಸ್ಪಂದನವನ್ನು ಪ್ಯಾಚ್ ಕ್ಲ್ಯಾಂಪ್‌ನಿಂದ, ಅಂದರೆ ಕೋಶದ ಪೊರೆಗೆ ತಾಗಿಸಿದ ಸಪೂರ ಗಾಜಿನ ಕೊಳವೆಯಿಂದ, ಅಳೆಯದೆ ಅದನ್ನು ಕೆಲಸ ಮಾಡುವ ನರಕೋಶವೆಂದು ಕರೆಯಬೇಡಿ.

ಹಾಗಿದ್ದರೆ ಇಷ್ಟೆಲ್ಲ ಪಾಡು ಏಕೆ? ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಅವರ ತಂಡ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಭ್ರೂಣಸ್ಥಿತಿಗೆ ಮರಳಿಸಿದ ಮೇಲೆ, ಅವುಗಳಿಂದಲೇ ನರಕೋಶ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ನಿಜವಾದ ನರಕೋಶ ಬೇಕೆಂದರೆ ಅದೇ ಉತ್ತಮ. ಆದರೆ ಹಾಗೆ ಹಿಂದಕ್ಕೆ ಕರೆದೊಯ್ಯುವಾಗ ವಯಸ್ಸು ಮತ್ತು ಬದುಕು ಕೋಶದ ಮೇಲೆ ಬರೆದ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ಮೂಗಿನ ಕೋಶಕ್ಕೆ ಆ ಹಾದಿ ಬೇಕಿಲ್ಲ. ಹಲವು ದಾನಿಗಳಿಂದ ಬೇಗ ಪಡೆಯಬಹುದು. ಪಾರ್ಕಿನ್‌ಸನ್ ಮತ್ತು ಸ್ಕಿಝೋಫ್ರೇನಿಯ ರೋಗಿಗಳ ಮೂಗಿನ ಕೋಶಗಳನ್ನು ಆರೋಗ್ಯವಂತರ ಕೋಶಗಳ ಜೊತೆಗಿಟ್ಟು ನೋಡಿದ 2010ರ ಅಧ್ಯಯನದಲ್ಲಿ, ಮೊದಲನೆಯದರಲ್ಲಿ ಮೈಟೊಕಾಂಡ್ರಿಯ ಮತ್ತು ಆಕ್ಸಿಡೇಟಿವ್ ಒತ್ತಡದ ಜೀನ್‌ಗಳಲ್ಲಿ, ಎರಡನೆಯದರಲ್ಲಿ ನರಬೆಳವಣಿಗೆಯ ಜೀನ್‌ಗಳಲ್ಲಿ ಏರುಪೇರು ಕಂಡಿತು. ಕಾಲುಗಳು ಬಿಗಿದುಕೊಳ್ಳುವ ಆನುವಂಶಿಕ ಸ್ಪ್ಯಾಸ್ಟಿಕ್ ಪ್ಯಾರಾಪ್ಲೀಜಿಯ ರೋಗಿಗಳ ಮೂಗಿನ ಕೋಶಗಳಲ್ಲಿ ಒಳಸಾಗಣೆ ಕುಂಟುತ್ತಿದ್ದುದನ್ನೂ, ಆ ಸಾಗಣೆಗೆ ಹಳಿಯಂತಿರುವ ಮೈಕ್ರೊಟ್ಯುಬ್ಯೂಲ್‌ಗೆ ಅಂಟುವ ಔಷಧಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಅದು ಸರಿಹೋದುದನ್ನೂ ಬ್ರಿಸ್ಬೇನ್ ತಂಡ ತೋರಿಸಿತು. ಪೂರ್ಣ ನರಕೋಶವಾಗದೆಯೇ ಈ ಕೋಶಗಳು ಇಷ್ಟನ್ನು ಹೇಳಬಲ್ಲವು.

ಇಂಥ ಹೋಲಿಕೆಯಲ್ಲಿ ರೋಗಿಯ ಮತ್ತು ಆರೋಗ್ಯವಂತರ ಕೋಶಗಳನ್ನು ಒಂದೇ ವಾರ, ಒಂದೇ ಕಂತಿನ ಸೀರಂನಲ್ಲಿ, ಒಂದೇ ತಲೆಮಾರಿನಲ್ಲಿ ಬೆಳೆಸಿ. ಇಲ್ಲದಿದ್ದರೆ ನೀವು ಅಳೆಯುವುದು ಕಾಯಿಲೆಯನ್ನಲ್ಲ, ಸೀರಂನ ಬಾಟಲಿಯನ್ನು.

ಹೆಪ್ಪುಗಟ್ಟಿಸುವುದು

ಮೊದಲ ಕೆಲವು ತಲೆಮಾರುಗಳಲ್ಲೇ ಸಾಕಷ್ಟು ಸೀಸೆಗಳನ್ನು ತೆಗೆದಿಡಿ. ತಲೆಮಾರು ಏರಿದಂತೆ ಕೋಶಗಳು ಅಗಲವಾಗಿ, ಚಪ್ಪಟೆಯಾಗಿ, ನಿಧಾನವಾಗುತ್ತವೆ; ವರ್ಣತಂತುಗಳಲ್ಲಿ ದೋಷ ಕಾಣಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚುತ್ತದೆ. ಹೆಪ್ಪುಗಟ್ಟುವಾಗ ಕೋಶಗಳನ್ನು ಮಂಜಿನ ಹರಳುಗಳಿಂದ ಕಾಯುವ ಡಿಎಂಎಸ್ಒ ರಾಸಾಯನಿಕ ಶೇ 10ರಷ್ಟು ಇರುವ ಸೀರಂ ದ್ರವದಲ್ಲಿ ಕೋಶಗಳನ್ನು ತುಂಬಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣ್ಣಗಾಗುವ ಪೆಟ್ಟಿಗೆಯಲ್ಲಿಟ್ಟು ಮೈನಸ್ 80ಕ್ಕೆ ಇಳಿಸಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ತೊಟ್ಟಿಗೆ ವರ್ಗಾಯಿಸಿ. ಕರಗಿಸುವಾಗ ಇದಕ್ಕೆ ತದ್ವಿರುದ್ಧ: 37 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸಿ, ತಡಮಾಡದೆ ಡಿಎಂಎಸ್ಒ ತೊಳೆದುಬಿಡಿ.

ಸೀಸೆಯ ಮೇಲೆ ದಾನಿಯ ಸಂಕೇತ ಸಂಖ್ಯೆ, ತಲೆಮಾರು, ದಿನಾಂಕ, ಕೋಶಗಳ ಎಣಿಕೆ ಇರಬೇಕು. ಸಾರಜನಕಕ್ಕೆ ಅಳಿಸದ ಶಾಯಿಯನ್ನೇ ಬಳಸಿ. ಒಬ್ಬ ದಾನಿಯ ಎಲ್ಲ ಸೀಸೆಗಳನ್ನೂ ಒಂದೇ ತೊಟ್ಟಿಯಲ್ಲಿ ಇಡಬೇಡಿ. ಸಂಕೇತ ಸಂಖ್ಯೆಗೂ ಹೆಸರಿಗೂ ಕೊಂಡಿ ಹಾಕುವ ಪಟ್ಟಿ ಬೇರೊಂದು ಬೀಗದಲ್ಲಿ, ಬೇರೊಬ್ಬರ ಕೈಯಲ್ಲಿರಲಿ. ದಾನಿ ಹಿಂದೆ ಸರಿದ ದಿನ ಆ ಪಟ್ಟಿ ನೋಡಿ ಪ್ರತಿ ಸೀಸೆಯನ್ನೂ ಹುಡುಕಿ ತೆಗೆಯಲು ಆಗಬೇಕು, ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿದ್ದನ್ನೂ ಸೇರಿಸಿ.